ಬ್ವಿಂಡಿ ಮಳೆಕಾಡಿಗೆ ಹೊರಡುವ ಮುನ್ನ

ಉಗಾಂಡಾದ ನೈಋತ್ಯ ಮೂಲೆಯಲ್ಲಿರುವ ಬ್ವಿಂಡಿ, 1994ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪರ್ವತ ಮಳೆಕಾಡು. ಇಲ್ಲಿಯ ಪರ್ವತ ಗೊರಿಲ್ಲಾಗಳನ್ನು ನೋಡಬಯಸುವವರು ಉಗಾಂಡಾ ವನ್ಯಜೀವಿ ಪ್ರಾಧಿಕಾರದ ಪರವಾನಗಿಯನ್ನು ತಿಂಗಳುಗಳ ಮೊದಲೇ ಪಡೆಯಬೇಕು. ವಿದೇಶಿಯರಿಗೆ ಅದರ ಶುಲ್ಕ 2024ರ ಜುಲೈನಿಂದ 800 ಅಮೆರಿಕನ್ ಡಾಲರ್. ಬುಹೋಮಾ, ರುಹಿಜಾ, ರುಶಾಗಾ, ನ್ಕುರಿಂಗೋ ಎಂಬ ನಾಲ್ಕು ವಲಯಗಳಲ್ಲಿ ಒಂದಕ್ಕೆ ಮಾತ್ರ ಪರವಾನಗಿ ಅನ್ವಯಿಸುವುದರಿಂದ, ಮತ್ತು ಒಂದರಿಂದ ಇನ್ನೊಂದಕ್ಕೆ ಬೆಟ್ಟದ ರಸ್ತೆಯಲ್ಲಿ ಗಂಟೆಗಳೇ ಹಿಡಿಯುವುದರಿಂದ, ವಸತಿಯನ್ನು ಅದೇ ವಲಯದ ಸಮೀಪ ಗೊತ್ತುಮಾಡಿಕೊಳ್ಳುವುದು ಅಗತ್ಯ. ದೇಶವನ್ನು ಪ್ರವೇಶಿಸಲು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವೂ ಬೇಕು.

ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ ಮಳೆ ಕಡಿಮೆ. ಆದರೂ ಮಳೆಯಂಗಿ, ಉದ್ದ ತೋಳಿನ ಅಂಗಿ, ಹಿಡಿತವಿರುವ ಬೂಟುಗಳಿಲ್ಲದೆ ಆ ಜಾರು ಇಳಿಜಾರುಗಳಲ್ಲಿ ನಡೆಯಲಾಗದು. ನಡಿಗೆ ಒಂದೆರಡು ಗಂಟೆಗೆ ಮುಗಿಯಬಹುದು, ಇಡೀ ದಿನವೂ ಹಿಡಿಯಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಆರೋಗ್ಯ. ನಮಗೆ ಸಾಮಾನ್ಯವೆನಿಸುವ ನೆಗಡಿಯೂ ಗೊರಿಲ್ಲಾಗಳಿಗೆ ಮಾರಕವಾಗಬಲ್ಲದಾದ್ದರಿಂದ, ಕೆಮ್ಮು ಅಥವಾ ಜ್ವರವಿದ್ದವರು ಹಣ ಹೋದರೂ ಸರಿಯೆಂದು ಹಿಂದೆ ಉಳಿಯಲೇಬೇಕು. ಅವುಗಳ ಎದುರು ಮುಖಗವಸು ಧರಿಸಿ, ಅಂತರ ಕಾಯ್ದುಕೊಂಡು, ಫ್ಲ್ಯಾಶ್ ಬಳಸದೆ ಒಂದು ಗಂಟೆ ಮಾತ್ರ ಇರಬಹುದು. ಹದಿನೈದು ವರ್ಷದೊಳಗಿನವರಿಗೆ ಅವಕಾಶವಿಲ್ಲ. ಸಾಮಾನು ಹೊರಲು ಸ್ಥಳೀಯರೊಬ್ಬರನ್ನು ನೇಮಿಸಿಕೊಂಡರೆ ಏರು ಹಗುರವಾಗುವುದಲ್ಲದೆ, ಕಾಡಿನಂಚಿನ ಕುಟುಂಬವೊಂದಕ್ಕೆ ನೇರ ಆದಾಯವೂ ದೊರೆಯುತ್ತದೆ.