ಮಕ್ಕಳಿಗೆ ಬಿಸಿಲಿನ ಪಾಠ: ನೆರಳಿನಿಂದ ಶುರು ಮಾಡಿ

ಕಲಬುರಗಿ, ರಾಯಚೂರು ಕಡೆ ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಶಾಲೆಗೆ ರಜೆಯೂ ಆಗಲೇ. ‘ಬಿಸಲಾಗ ಹೋಗಬ್ಯಾಡ’ ಎಂದು ದಿನವಿಡೀ ಕೂಗಿದರೂ ನಾಲ್ಕು ವರ್ಷದ ಮಗುವಿಗೆ ಹೊತ್ತು ತಿಳಿಯುವುದಿಲ್ಲ. ನೆರಳು ತಿಳಿಯುತ್ತದೆ.

ಬೆಳಿಗ್ಗೆ 8ಕ್ಕೆ ಮಗುವನ್ನು ಅಂಗಳದಲ್ಲಿ ನಿಲ್ಲಿಸಿ, ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮಧ್ಯಾಹ್ನ 12ಕ್ಕೆ ಅದೇ ಜಾಗದಲ್ಲಿ ಇನ್ನೊಂದು. ಚಪ್ಪಲಿ ಹಾಕಿಸಿ, ಅರೆ ನಿಮಿಷ ಸಾಕು. ನೆರಳು ಕಾಲಬುಡಕ್ಕೆ ಬಂದಿರುತ್ತದೆ. ‘ನೆಳ್ಳು ನಿನಗಿಂತ ಸಣ್ಣದಾದ್ರ ಒಳಗ ಬಾ’, ನಿಯಮ ಇಷ್ಟೇ. ಸೂರ್ಯ ನೆತ್ತಿಗೇರಿದಷ್ಟೂ ಅತಿನೇರಳೆ ಕಿರಣ ಹೆಚ್ಚು. ಒಂದು ತೊಡಕಿದೆ: 4 ಗಂಟೆಗೆ ನೆರಳು ಉದ್ದವಾದರೂ ಝಳ ಇಳಿದಿರುವುದಿಲ್ಲ. ಆಟ 5ರ ಮೇಲಿರಲಿ.

ಕ್ರಿಕೆಟ್ ಕ್ಯಾಪ್ ಕಿವಿ, ಕತ್ತು ಮುಚ್ಚುವುದಿಲ್ಲ. ಸುತ್ತಲೂ ಅಂಚಿರುವ ಟೋಪಿ, ಸಡಿಲ ತುಂಬುತೋಳಿನ ಹತ್ತಿ ಅಂಗಿ ವಾಸಿ. ಸನ್‌ಸ್ಕ್ರೀನ್ ಆದರೆ ಎಸ್‌ಪಿಎಫ್ (ಬಿಸಿಲಿನಿಂದ ಚರ್ಮ ಕಾಯುವ ಅಳತೆ) 30, ಹೊರಡುವ 15 ನಿಮಿಷ ಮೊದಲು, 2 ಗಂಟೆಗೊಮ್ಮೆ ಮತ್ತೆ. 6 ತಿಂಗಳೊಳಗಿನ ಕೂಸಿಗೆ ಬೇಡ, ನೆರಳಲ್ಲೇ ಇರಿಸಿ. ತಗಡಿನ ಜಾರುಬಂಡೆಯನ್ನು ಮೊದಲು ನೀವು ಮುಟ್ಟಿ ನೋಡಿ.

ಆಟದ ಮತ್ತಿನಲ್ಲಿ ಮಕ್ಕಳು ನೀರು ಕೇಳುವುದಿಲ್ಲ. 20 ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಸಿ. ಮೂತ್ರ ಕಡುಹಳದಿಯಾದರೆ ನೀರು ಸಾಲದು.

‘ತಲೆ ಗಿರ್ ಅನ್ನಾಕತ್ತೈತಿ’ ಎಂದು ಹೇಳುವುದನ್ನೂ ಕಲಿಸಿ. ಮೈ ಸುಡುತ್ತ ಮಗು ಮಂಕಾದರೆ, ತಡವರಿಸಿದರೆ 108ಕ್ಕೆ ಕರೆ ಮಾಡಿ. ನೆರಳಿಗೆ ತಂದು ಬಟ್ಟೆ ಬಿಚ್ಚಿ, ಮೈಗೆಲ್ಲ ನೀರು ಹಾಕಿ ಗಾಳಿ ಬೀಸಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಸಿಕ್ಕುತ್ತದೆ.