ಕಂಪ್ಯೂಟರ್ ಆನ್ ಆಗಿ ತಾನೇ ಆಫ್ ಆಗ್ತಿದೆಯಾ? ಮೊದಲು ಇದನ್ನ ನೋಡಿ

ನಮಸ್ಕಾರ್ರಿ. ಹೋದ ವಾರ ನಮ್ಮ ಮನೆ ಡೆಸ್ಕ್‌ಟಾಪ್ ಆನ್ ಮಾಡಿದರೆ ಅರ್ಧ ನಿಮಿಷಕ್ಕೆ ಟಪ್ ಅಂತ ಆಫ್ ಆಗುತ್ತಿತ್ತು. ರಿಪೇರಿ ಅಂಗಡಿಯವರು ಬಿಚ್ಚಿ ನೋಡದೆಯೇ ಮದರ್‌ಬೋರ್ಡ್ ಹೋಗಿದೆ ಅಂದರು. ನಾನು ನಂಬಲಿಲ್ಲ.

ಎಷ್ಟು ಹೊತ್ತಿಗೆ ಆಫ್ ಆಗುತ್ತದೆ ಅಂತ ಮೊದಲು ಗಮನಿಸಿ. 4-5 ಸೆಕೆಂಡಿಗೆ ಆದರೆ ಪವರ್ ಬಟನ್ ಒಳಗೇ ಸಿಕ್ಕಿಕೊಂಡಿರಬಹುದು. ಬಟನ್ ಒತ್ತಿ ಹಿಡಿದರೆ ಆಫ್ ಆಗುತ್ತಲ್ವಾ, ಅದೇ ಲೆಕ್ಕ. ಕ್ಷಣದಲ್ಲೇ ಆದರೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಮೇಲೆ ಅನುಮಾನ. ಸ್ವಲ್ಪ ಓಡಿ ನಿಂತರೆ ಜಾಸ್ತಿ ಸಲ ಬಿಸಿಯೇ ಕಾರಣ. ಪ್ರೊಸೆಸರ್ 100 ಡಿಗ್ರಿ ಆಸುಪಾಸು ಕಾದರೆ ಸುಟ್ಟುಹೋಗಬಾರದು ಅಂತ ತಾನೇ ಬಂದ್ ಆಗುತ್ತದೆ.

ಪ್ಲಗ್ ಕಿತ್ತು ಬಾಕ್ಸ್ ಬಿಚ್ಚಿದೆ. ಕಲಬುರಗಿ ಧೂಳು ಗೊತ್ತಲ್ಲ, ಪ್ರೊಸೆಸರ್ ಬಿಸಿ ಹೀರುವ ಹೀಟ್‌ಸಿಂಕ್ ಸಂದಿಯಲ್ಲಿ ಕಂಬಳಿ ಹಾಸಿದಂತೆ ಕೂತಿತ್ತು. ಅದನ್ನ ಬೋರ್ಡಿಗೆ ಹಿಡಿದಿಡುವ ನಾಲ್ಕು ಪಿನ್‌ಗಳಲ್ಲಿ ಒಂದು ಮೇಲೆದ್ದಿತ್ತು. ಬಿಸಿ ದಾಟಿಸಲು ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಸುಣ್ಣದಂತೆ ಒಣಗಿತ್ತು. ಬ್ರಷ್‌ನಿಂದ ಧೂಳು ತೆಗೆದು, ಹಳೇ ಪೇಸ್ಟ್ ಒರೆಸಿ, ತೊಗರಿ ಕಾಳಿನಷ್ಟು ಹೊಸದು ಹಾಕಿ, ನಾಲ್ಕೂ ಪಿನ್ ಟಕ್ ಅನ್ನುವವರೆಗೆ ಒತ್ತಿದೆ. ಈಗ ಆರಾಮಾಗಿ ಓಡುತ್ತಿದೆ.

ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡ್ರಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ.