ಲೈನೋದಲ್ಲಿ ಕೊರೆದ ನನ್ನ ಒರಟು ಅಕ್ಷರ

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಒಂದು ಪೋಸ್ಟರ್ ಮಾಡಿಕೊಡು ಅಂತ ಗೆಳೆಯ ಕೇಳಿದ. ನನ್ನ ಹತ್ತಿರ ಇದ್ದ ಕನ್ನಡ ಫಾಂಟುಗಳೆಲ್ಲ ತುಂಬಾ ನುಣುಪು. ಕಡಲೆಕಾಯಿ ಸಿಪ್ಪೆಯ ತರಿತರಿ ಅಕ್ಷರದಲ್ಲೂ ಇರಬೇಕು ಅನ್ನಿಸಿತು. ರಸ್ತೆಯ ಆಚೆಯಿಂದ ನೋಡಿದರೂ ಇದು ಕೈಯಲ್ಲಿ ಮಾಡಿದ್ದು ಅಂತ ಗೊತ್ತಾಗಬೇಕು.

ನಾನೇ ಒಂದು ಫಾಂಟು ಮಾಡೋಣ ಅಂತ ಲೈನೋ ಹಾಳೆ (ಉಳಿಯಿಂದ ಕೊರೆದು, ಮಸಿ ಹಚ್ಚಿ ಅಚ್ಚೊತ್ತುವ ಮೆತ್ತನೆಯ ಹಾಳೆ) ತಂದು, 5 ಸೆಂಟಿಮೀಟರ್ ಎತ್ತರಕ್ಕೆ ಅಕ್ಷರ ಕೊರೆಯಲು ಕೂತೆ. ಅಚ್ಚಿನಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರಬೇಕು ಅಲ್ವಾ? ಬಟರ್ ಪೇಪರ್ ಮೇಲೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆದು, ಮಗುಚಿ ಹಾಕಿ ಉಜ್ಜಿದರೆ ಸಾಕು, ತಾನಾಗಿಯೇ ತಿರುಗಿ ಮೂಡುತ್ತದೆ. ವರ್ಣಮಾಲೆಯ 49 ಅಕ್ಷರ ಫಾಂಟಿಗೆ ಸಾಲುವುದಿಲ್ಲ. ತಲೆಕಟ್ಟು, ಕೊಂಬು, ಅರ್ಕಾವತ್ತು ಬಿಡಿಬಿಡಿಯಾಗಿ ಬೇಕು. ಗುಡಿಸು ಅಕ್ಷರಕ್ಕೇ ಬೆಸೆದುಕೊಳ್ಳುವುದರಿಂದ ಕಿ, ಗಿ, ತಿಗಳನ್ನು ಇಡಿಯಾಗಿ ಕೊರೆದೆ.

ಮೊದಲ ಅಚ್ಚು ತೆಗೆದಾಗ ನನ್ನ ತಪ್ಪು ಕಂಡಿತು. ಠ ಒಳಗಿನ ಚುಕ್ಕಿ ಬರೀ ಮಸಿ ಕಲೆಯ ಹಾಗಿತ್ತು, ಓದಿದರೆ ರ. ದ ಕೆಳಗೆ ಕೊರೆಯದೆ ಉಳಿದಿದ್ದ ಸಣ್ಣ ಏಣೊಂದು ಮಸಿ ಹಿಡಿದು ಧ ಆಗಿತ್ತು. ಒಂದು ಗೀಟಿಗೆ ದನ ಹೋಗಿ ಧನ! ಕನ್ನಡದಲ್ಲಿ ಎಲ್ಲೆಂದರಲ್ಲಿ ಒರಟು ಬಿಡುವ ಹಾಗಿಲ್ಲ. ಆಮೇಲೆ ಹೊರ ಅಂಚಿಗೆ ಮಾತ್ರ ಉಳಿಯ ಗುರುತು ಬಿಟ್ಟೆ. ಅಕ್ಷರದ ಹೊಟ್ಟೆಯನ್ನು ಚೊಕ್ಕವಾಗಿ ತೆಗೆದೆ. ಮಹಾಪ್ರಾಣದ ಗೀಟನ್ನು ಬೇಕಂತಲೇ ಉದ್ದ ಮಾಡಿದೆ. ಒತ್ತಕ್ಷರದಲ್ಲೂ ಪಾಠವಾಯಿತು. ದೊಡ್ಡದನ್ನು ಸುಮ್ನೆ ಕುಗ್ಗಿಸಿದರೆ ಅದು ಬಡಕಲಾಗುತ್ತದೆ, ಮೇಲಿನ ಅಕ್ಷರದ ದಪ್ಪಕ್ಕೆ ಹೊಂದುವುದಿಲ್ಲ. ಎಲ್ಲ ಒತ್ತುಗಳನ್ನೂ ಬೇರೆಯಾಗಿ, ದಪ್ಪಗೆ ಕೊರೆದೆ. ಜಾಸ್ತಿ ದಿನ ಹಿಡಿದದ್ದು ಇದೇ ಕೆಲಸ.

600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್‌ನಲ್ಲಿ ರೇಖೆಗೆ ತಿರುಗಿಸಿ, ಫಾಂಟ್‌ಫೋರ್ಜ್‌ನಲ್ಲಿ ಜೋಡಿಸಿದೆ. ಎರಡೂ ಉಚಿತ ಸಾಫ್ಟ್‌ವೇರ್, ಮೊದಲನೆಯದು ಚಿತ್ರ ಬಿಡಿಸಲು, ಎರಡನೆಯದು ಫಾಂಟು ಮಾಡಲು. ರೇಖೆಯಲ್ಲಿ ಬಿಂದುಗಳು ವಿಪರೀತ ಇದ್ದರೆ ಫಾಂಟು ಭಾರವಾಗುತ್ತದೆ, ಅರ್ಧಕ್ಕಿಂತ ಹೆಚ್ಚು ತೆಗೆದುಹಾಕಿದೆ. 'ಕಡಲೆಕಾಯಿ' ಅಂತ ಟೈಪ್ ಮಾಡಿ ನೋಡಿದರೆ ಎರಡೂ ಕಕಾರಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಕಚ್ಚು! ಇದು ಕೈಯಲ್ಲಿ ಒತ್ತಿದ್ದಲ್ಲ ಅನ್ನುವ ಗುಟ್ಟು ಅಲ್ಲೇ ಒಡೆದುಹೋಯಿತು. ಕ, ರ, ಲ, ನ ಮುಂತಾದವನ್ನು ಇನ್ನೊಂದು ಸಲ ಕೊರೆದು, ಅದೇ ಅಕ್ಷರ ಮತ್ತೆ ಬಂದರೆ ಎರಡನೇ ರೂಪ ಬರುವಂತೆ ಓಪನ್‌ಟೈಪ್ ನಿಯಮ (ಯಾವಾಗ ಯಾವ ರೂಪ ತೋರಿಸಬೇಕು ಅಂತ ಫಾಂಟಿನೊಳಗೇ ಇಡುವ ಸೂಚನೆ) ಬರೆದೆ. ಪದಕ್ಕೆ ಜೀವ ಬಂತು.

ಪೋಸ್ಟರ್ ಹಾಕಿಸಲು ಹೋದಾಗ ಪ್ರಿಂಟಿಂಗ್ ಅಂಗಡಿಯ ಹಳೇ ಸಾಫ್ಟ್‌ವೇರ್‌ನಲ್ಲಿ ಒತ್ತುಗಳೆಲ್ಲ ಚೆಲ್ಲಾಪಿಲ್ಲಿ. "ಕರ್ವ್ ಮಾಡಿ ತನ್ನಿ ಸಾರ್" ಅಂದರು. ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿ ಕೊಟ್ಟ ಮೇಲೆ ಸರಿಯಾಯಿತು. ನೀವೂ ಹಾಗೇ ಕೊಡಿ.

ಈ ಅಕ್ಷರ ಶೀರ್ಷಿಕೆಗೆ, ಅಂಗಡಿ ಬೋರ್ಡಿಗೆ, ಟೀ ಶರ್ಟಿಗೆ, ನಾಟಕದ ಪೋಸ್ಟರಿಗೆ ಚೆನ್ನ. ಎರಡು ಮೂರು ಪದ ಸಾಕು. ಸಾಲಿನ ನಡುವೆ ಒತ್ತುಗಳಿಗೆ ಧಾರಾಳ ಜಾಗ ಬಿಡಿ, 'ರಾಷ್ಟ್ರ' ಬರೆದು ನೋಡಿದರೆ ಎಷ್ಟು ಬೇಕು ಅಂತ ತಿಳಿಯುತ್ತದೆ. 30 ಪಾಯಿಂಟ್‌ಗಿಂತ ಚಿಕ್ಕದಾಗಿ ನಾನು ಬಳಸುವುದಿಲ್ಲ. ಪೋಸ್ಟರಿನಲ್ಲಿ ದಿನಾಂಕ, ವಿಳಾಸಕ್ಕೆ ಸಾದಾ ಫಾಂಟು ಹಾಕಿದೆ.

ಈಗ ಕನ್ನಡ ಅಂಕಿಗಳನ್ನು ಕೊರೆಯುತ್ತಿದ್ದೇನೆ. ೬ ಮತ್ತು ೯ ದೂರದಿಂದ ಬೇರೆಬೇರೆ ಅಂತ ಕಾಣಬೇಕು. ಮೂರು ಸಲ ಕೊರೆದಾಯಿತು, ೯ರ ಬಾಲ ಇನ್ನೂ ಕೂತಿಲ್ಲ.